ಗಸ್ತಿನ ಬೈಕಿಗೆ ಓಟವೊಂದೇ ಅಳತೆಗೋಲಲ್ಲ

ಚೆನ್ನೈನ ಉತ್ತರ ಭಾಗದ ತಿರುವೊಟ್ಟಿಯೂರಿನಲ್ಲಿ ಬುಲೆಟ್ ಕಾರ್ಖಾನೆ ಹುಟ್ಟಿದ್ದೇ ಗಸ್ತಿಗೆ ತಕ್ಕ ಬೈಕು ಬೇಕೆಂಬ ಸರ್ಕಾರದ ಹುಡುಕಾಟದಿಂದ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಸೇನೆಗೂ ಪೊಲೀಸರಿಗೂ ಗಡಿ ಗಸ್ತಿಗೆ ಒಗ್ಗುವ ವಾಹನವೊಂದನ್ನು ಹುಡುಕುತ್ತಿದ್ದ ಕೇಂದ್ರ ಸರ್ಕಾರ, ಇಂಗ್ಲೆಂಡಿನ ರೆಡಿಚ್‌ನಲ್ಲಿ ತಯಾರಾಗುತ್ತಿದ್ದ ರಾಯಲ್ ಎನ್‌ಫೀಲ್ಡ್ ಬುಲೆಟ್ಟನ್ನು ಒಪ್ಪಿಕೊಂಡು 350 ಸಿಸಿಯ 800 ಬೈಕುಗಳಿಗೆ ಆರ್ಡರ್ ಕೊಟ್ಟಿತು. ಅದರ ಬೆನ್ನಿಗೇ 1955ರಲ್ಲಿ ರೆಡಿಚ್ ಕಂಪನಿ ಮದ್ರಾಸ್ ಮೋಟಾರ್ಸ್ ಜೊತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಕಟ್ಟಿತು. ಎಪ್ಪತ್ತರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಮೂಲ ಕಂಪನಿ ಬಾಗಿಲು ಹಾಕಿದರೂ ಮದ್ರಾಸಿನದು ಉಳಿದುಕೊಂಡಿತು. ಖಾಕಿ ತೊಟ್ಟವರು ಬುಲೆಟ್ಟಿನ ಮೇಲೆ ಬಂದರೇ ಶೋಭೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದ್ದರ ಹಿಂದೆ ಈ ಒಂದು ಖರೀದಿ ಇದೆ.

ಆ ಆಯ್ಕೆ ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಮರಳು, ಬೆಟ್ಟ, ಕಚ್ಚಾರಸ್ತೆಗಳಲ್ಲಿ ದಿನವಿಡೀ ಓಡಬೇಕು, ಕೆಟ್ಟರೆ ದಾರಿಬದಿಯಲ್ಲೇ ಬಿಚ್ಚಿ ಕಟ್ಟುವಂತಿರಬೇಕು ಎಂಬುದು ಅಂದಿನ ಬೇಡಿಕೆ. ಇವತ್ತು ಚೆನ್ನೈನ ಟಿ. ನಗರದ ರಂಗನಾಥನ್ ಬೀದಿಯಲ್ಲೋ ಆರ್ಕಾಟ್ ರಸ್ತೆಯಲ್ಲೋ ಗಸ್ತು ತಿರುಗುವ ಕಾನ್‌ಸ್ಟೆಬಲ್‌ಗೆ ಏನು ಬೇಕು ಎಂಬುದು ಬೇರೆಯೇ ಪ್ರಶ್ನೆ. ಪೊಲೀಸ್ ಬೈಕುಗಳ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ ಸಿಸಿ, ಪಿಕಪ್, ಟಾಪ್ ಸ್ಪೀಡ್ ಸುತ್ತಲೇ ಗಿರಕಿ ಹೊಡೆಯುತ್ತದೆ. ಕಳ್ಳರ ಹತ್ತಿರ ಜೋರು ಬೈಕುಗಳಿವೆ, ಪೊಲೀಸರಿಗೂ ಅಂಥವೇ ಬೇಕು ಎಂಬ ವಾದ ಕೇಳಲು ಸರಳ. ಅದು ಗಸ್ತು ಅಂದರೆ ಬೆನ್ನಟ್ಟುವುದು ಎಂದುಕೊಂಡವರ ವಾದ.

ಬೆನ್ನಟ್ಟಿ ಹಿಡಿಯುವುದು ಎಷ್ಟು ಅಪರೂಪ ಎಂಬುದಕ್ಕೆ 2025ರ ಮಾರ್ಚ್ 25ರ ಬೆಳಿಗ್ಗೆಯನ್ನೇ ನೋಡಬಹುದು. ಸೈದಾಪೇಟೆ, ಬೆಸೆಂಟ್ ನಗರ, ಗಿಂಡಿ ಎಂದು ದಕ್ಷಿಣ ಚೆನ್ನೈನಲ್ಲಿ ಒಂದರ ಹಿಂದೊಂದು ಸರಗಳ್ಳತನ ನಡೆದವು. ಕಳ್ಳರು ಬಂದದ್ದು ಬೈಕಿನಲ್ಲಿ. ಸಿಕ್ಕಿಬಿದ್ದದ್ದು ಮಾತ್ರ ವಿಮಾನ ನಿಲ್ದಾಣದಲ್ಲಿ; ಇನ್ನೊಬ್ಬ ಆಂಧ್ರದ ಒಂಗೋಲಿನಲ್ಲಿ, ರೈಲಿನಲ್ಲಿ. ಸುಳಿವು ಕೊಟ್ಟಿದ್ದು ಸಿಸಿಟಿವಿ ಕ್ಯಾಮೆರಾಗಳು. (ಸೆರೆಸಿಕ್ಕವನೊಬ್ಬ ಮರುದಿನ ಪೊಲೀಸರ ಗುಂಡಿಗೆ ಸತ್ತದ್ದು ಬೇರೆಯೇ ಚರ್ಚೆ ಬೇಡುವ ಸಂಗತಿ.) ಎಷ್ಟು ಸಿಸಿಯ ಬೈಕು ಕೊಟ್ಟಿದ್ದರೂ ಆ ಬೆಳಿಗ್ಗೆ ಹೆಚ್ಚೇನೂ ಬದಲಾಗುತ್ತಿರಲಿಲ್ಲ. ಬದಲಾಗಬಹುದಾಗಿದ್ದದ್ದು, ಆ ಬೀದಿಗಳಲ್ಲಿ ಆ ಹೊತ್ತಿಗೆ ಗಸ್ತಿನ ಬೈಕೊಂದು ನಿಧಾನವಾಗಿ ಹಾದುಹೋಗಿದ್ದರೆ.

ಬೆನ್ನಟ್ಟುವಿಕೆಗೆ ಇನ್ನೊಂದು ಮುಖವೂ ಇದೆ. 2018ರ ಮಾರ್ಚ್‌ನಲ್ಲಿ ತಿರುಚಿರಾಪಳ್ಳಿ ಹತ್ತಿರದ ತುವಾಕುಡಿಯಲ್ಲಿ ಹೆಲ್ಮೆಟ್ ತಪಾಸಣೆಗೆ ನಿಲ್ಲಿಸಲಿಲ್ಲವೆಂದು ಇನ್‌ಸ್ಪೆಕ್ಟರ್ ಒಬ್ಬರು ದಂಪತಿಯ ಬೈಕನ್ನು ಹಿಂಬಾಲಿಸಿ ಒದ್ದರು. ಕೆಳಗೆ ಬಿದ್ದ ಹೆಂಗಸು ಸತ್ತರು. 2025ರ ಮೇ ತಿಂಗಳಲ್ಲಿ ನಮ್ಮ ಮಂಡ್ಯದಲ್ಲಿ ತಪಾಸಣೆಗೆ ಬೈಕು ತಡೆಯುವಾಗ ಮೂರು ವರ್ಷದ ಮಗು ಕೆಳಗೆ ಬಿದ್ದು ಜೀವ ಹೋಯಿತು. ಮಂಡ್ಯದಲ್ಲಿ ಬೆನ್ನಟ್ಟಿದ್ದೂ ಇಲ್ಲ, ಬರೀ ತಡೆದದ್ದು. ಜನಜಂಗುಳಿಯ ರಸ್ತೆಯಲ್ಲಿ ಪೊಲೀಸರ ಕೈಗೆ ವೇಗವನ್ನು ಕೊಡುವ ಮುನ್ನ ಎರಡು ಸಲ ಯೋಚಿಸಬೇಕಾಗುತ್ತದೆ.

ಹಾಗಾದರೆ ಗಸ್ತಿನ ಬೈಕು ರಾತ್ರಿಯಿಡೀ ಮಾಡುವುದೇನು? ತಮಿಳುನಾಡಿನಲ್ಲಿ ಬೀಟ್ ಕಾನ್‌ಸ್ಟೆಬಲ್‌ಗಳು ಸಹಿ ಹಾಕಬೇಕಾದ ಪಟ್ಟಾ ಬುಕ್ ಎಂಬುದೊಂದಿದೆ. ಎಟಿಎಂ, ಬ್ಯಾಂಕು, ಒಡವೆ ಅಂಗಡಿ, ಬಾಗಿಲು ಹಾಕಿ ಊರಿಗೆ ಹೋದವರ ಮನೆ, ಹೀಗೆ ಗುರುತು ಮಾಡಿದ ಜಾಗಗಳಲ್ಲಿ ಆ ಪುಸ್ತಕ ಇಟ್ಟಿರುತ್ತಾರೆ. ಕಾನ್‌ಸ್ಟೆಬಲ್ ಬೈಕು ನಿಲ್ಲಿಸಿ, ಸೈಡ್ ಸ್ಟ್ಯಾಂಡ್ ಹಾಕಿ, ಇಳಿದು ಹೋಗಿ, ವೇಳೆ ಬರೆದು ಸಹಿ ಹಾಕಿ ಬರಬೇಕು. ಮತ್ತೆ ಬೈಕು ಹತ್ತಿ ಮುಂದಿನ ಬೀದಿಗೆ ಹೋಗಿ ಅಲ್ಲೂ ಅದೇ ಕೆಲಸ. ಈಗ ಮೊಬೈಲ್ ಆ್ಯಪ್ ಬಂದು ಪುಸ್ತಕದ ಜಾಗ ಹಿಡಿಯುತ್ತಿದೆ. ಕರ್ನಾಟಕದಲ್ಲೂ ಸುಬಾಹು ಎಂಬ ಇ-ಬೀಟ್ ವ್ಯವಸ್ಥೆ ಇದೆ. ಆದರೆ ಇಳಿಯುವುದು ಹತ್ತುವುದು ತಪ್ಪಿಲ್ಲ. ಬೂಟು ತೊಟ್ಟ ಕಾಲನ್ನು ಸೀಟಿನ ಮೇಲಿಂದ ಆಚೆ ಹಾಕಬೇಕು, ಹಿಂದೆ ಕೂತವನ ಲಾಠಿ ಎಲ್ಲೂ ಸಿಕ್ಕಿಕೊಳ್ಳಬಾರದು, ಭುಜದಲ್ಲಿ ವಾಕಿಟಾಕಿ ಕಿರುಗುಟ್ಟುತ್ತಿರುತ್ತದೆ. ಹಿಂದುಗಡೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಎತ್ತರವಾಗಿ ಕೂರಿಸಿದ್ದರೆ ಕಾಲು ತೆಗೆಯುವುದೇ ಒಂದು ಕಸರತ್ತು. ಓಡಿಸಿದ ಹೊತ್ತಿಗಿಂತ ನಿಲ್ಲಿಸಿ ಹೊರಟ ಸಲಗಳೇ ಹೆಚ್ಚು ಲೆಕ್ಕಕ್ಕೆ ಬರುವ ವಾಹನ ಇದು.

ಇಲ್ಲಿಂದ ನೋಡಿದರೆ ತೂಕವೇ ಮೊದಲ ಪ್ರಶ್ನೆ. ಈಗಿನ ಬುಲೆಟ್ 350 ಸುಮಾರು 195 ಕೆಜಿ ತೂಗುತ್ತದೆ. ಹೊಸೂರಿನಲ್ಲಿ ಕಾರ್ಖಾನೆ ಇರುವ ಟಿವಿಎಸ್ ಕಂಪನಿಯ ಅಪಾಚೆ 160, ಮಾದರಿಯ ಮೇಲೆ, 140 ಕೆಜಿ ಆಸುಪಾಸು. ಐವತ್ತು ಕೆಜಿಯ ಈ ವ್ಯತ್ಯಾಸ ಹೆದ್ದಾರಿಯಲ್ಲಿ ತಿಳಿಯುವುದೇ ಇಲ್ಲ, ಭಾರದ ಬೈಕೇ ಅಲ್ಲಿ ನೆಲಕಚ್ಚಿ ಓಡುತ್ತದೆ. ಉತ್ತರ ಚೆನ್ನೈನ ಕಾಶಿಮೇಡಿನ ಓಣಿಯೊಳಗೆ ಬೈಕನ್ನು ಹಿಂದಕ್ಕೆ ತಳ್ಳಿ ತಿರುಗಿಸಬೇಕಾದಾಗ ರಟ್ಟೆಗೆ ಗೊತ್ತಾಗುತ್ತದೆ. ಓಡಿಸುವವರು ಯಾರು ಎಂಬುದೂ ಇದೇ ಪ್ರಶ್ನೆಯ ಭಾಗ. ತಮಿಳುನಾಡಿನ ಮೊದಲ ಮಹಿಳಾ ಪೊಲೀಸ್ ಠಾಣೆ 1992ರಲ್ಲಿ ತೆರೆದದ್ದು ಚೆನ್ನೈನ ಥೌಸಂಡ್ ಲೈಟ್ಸ್‌ನಲ್ಲೇ. ಪೊಲೀಸ್ ಪಡೆಯಲ್ಲಿ ಹೆಂಗಸರ ಸಂಖ್ಯೆಯಲ್ಲಿ ತಮಿಳುನಾಡು ದೇಶದ ಮುಂಚೂಣಿ ರಾಜ್ಯಗಳಲ್ಲೊಂದು. ಅಲ್ಲಿ ಮಹಿಳಾ ಕಾನ್‌ಸ್ಟೆಬಲ್ ನೇಮಕಾತಿಗೆ ಸಾಮಾನ್ಯ ವರ್ಗದಲ್ಲಿ ಬೇಕಾದ ಕನಿಷ್ಠ ಎತ್ತರ 159 ಸೆಂಟಿಮೀಟರ್. ಆ ಎತ್ತರದವರು 800 ಮಿಲಿಮೀಟರ್ ದಾಟಿದ ಸೀಟಿನ ಮೇಲೆ ಕೂತು ಎರಡೂ ಪಾದ ಪೂರ್ತಿ ಊರಲು ಆಗುತ್ತದೆಯೇ ಎಂದು ನೋಡದೆ ಬೈಕು ಆರಿಸಿದರೆ, ಗಸ್ತನ್ನು ಗಂಡಸರಿಗೆ ಮೀಸಲಿಟ್ಟಂತೆಯೇ.

ಎರಡನೆಯದು ಬಿಸಿ. ಪ್ರತಿ ಬೇಸಿಗೆಯಲ್ಲೂ ಚೆನ್ನೈನ ಟ್ರಾಫಿಕ್ ಪೊಲೀಸರಿಗೆ ಮಜ್ಜಿಗೆ, ಬಿಸಿಲು ಟೋಪಿ ಹಂಚುವ ಕಾರ್ಯಕ್ರಮ ನಡೆಯುತ್ತದೆ, ಫೋಟೊ ಪತ್ರಿಕೆಗಳಲ್ಲಿ ಬರುತ್ತದೆ. ಒಳ್ಳೆಯದೇ. ಅದೇ ಪೊಲೀಸರ ತೊಡೆಗಳ ನಡುವೆ ಮಾತ್ರ ಗಾಳಿಯಿಂದಲೇ ತಂಪಾಗಬೇಕಾದ ಎಂಜಿನ್ ಇಟ್ಟು, ಗಾಳಿಯೇ ಸಿಗದ ಹಾಗೆ ಹತ್ತು–ಹದಿನೈದು ಕಿಲೋಮೀಟರ್ ವೇಗದಲ್ಲಿ ಓಡಿಸಲು ಹೇಳುತ್ತೇವೆ. ಮೇ ತಿಂಗಳಲ್ಲಿ, ತಮಿಳರು ಅಗ್ನಿ ನಕ್ಷತ್ರ ಎನ್ನುವ ಸುಡುಬಿಸಿಲಿನ ದಿನಗಳಲ್ಲಿ, ಮೊದಲ ಗೇರು, ಎರಡನೇ ಗೇರು, ಅರ್ಧ ಹಿಡಿದ ಕ್ಲಚ್ಚು ಇವುಗಳಲ್ಲೇ ಪಾಳಿ ಕಳೆಯುತ್ತದೆ. ಕ್ಲಚ್ ಪ್ಲೇಟು ಸವೆಯುವುದಕ್ಕೆ ಮುಂಚೆ ಎಡಗೈ ಮಣಿಕಟ್ಟು ಸೋತಿರುತ್ತದೆ. ದೊಡ್ಡ ಎಂಜಿನ್ ಅಂದರೆ ಹೆಚ್ಚು ಬಿಸಿ ಎಂಬುದು ಇಂಥ ಓಡಾಟದಲ್ಲಿ ಬರೀ ಪುಸ್ತಕದ ಮಾತಲ್ಲ.

ಇನ್ನೊಂದು ಸಂಗತಿ ಖರೀದಿ ಸಮಿತಿಗಳ ಕಣ್ಣಿಗೆ ಬೀಳುವುದು ಕಮ್ಮಿ: ಬ್ಯಾಟರಿ. ಮಾರುಕಟ್ಟೆಯ ಸಾಮಾನ್ಯ ಬೈಕುಗಳಲ್ಲಿರುವುದು 12 ವೋಲ್ಟಿನ, 4ರಿಂದ 9 ಆಂಪಿಯರ್-ಅವರ್ ಸಾಮರ್ಥ್ಯದ ಬ್ಯಾಟರಿ. ಅದಕ್ಕೆ ಕೆಂಪು–ನೀಲಿ ಮಿಣುಕು ದೀಪ, ಸೈರನ್, ಮೈಕು, ಮೊಬೈಲ್ ಚಾರ್ಜರ್ ಎಲ್ಲ ತಗುಲಿಸುತ್ತಾರೆ. ನಾಕಾಬಂದಿಯಲ್ಲಿ ಎಂಜಿನ್ ಆರಿಸಿ ದೀಪ ಮಾತ್ರ ಉರಿಸಿಟ್ಟರೆ ಸ್ವಲ್ಪ ಹೊತ್ತಿಗೆ ಬ್ಯಾಟರಿ ಸುಸ್ತು. ಎಂಜಿನ್ ಐಡ್ಲಿಂಗ್‌ನಲ್ಲಿದ್ದರೂ ಚಾರ್ಜ್ ಆಗುವುದು ಅಷ್ಟಕ್ಕಷ್ಟೇ. ಹಿಂದೆಲ್ಲ ಕಿಕ್ ಹೊಡೆದು ಹೊರಡುತ್ತಿದ್ದರು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಫ್ಯುಯೆಲ್ ಇಂಜೆಕ್ಷನ್ ಬಹುಪಾಲು ಬೈಕುಗಳಿಗೆ ಹಬ್ಬಿತು, ಹಲವು ಮಾದರಿಗಳಲ್ಲಿ ಕಿಕ್ಕರ್ ಮಾಯವಾಯಿತು. ಬ್ಯಾಟರಿ ಸತ್ತರೆ ಬೈಕು ನೂಕುವುದೇ ಗತಿ. ವಿದೇಶಗಳ ಪೊಲೀಸರಿಗೆ ಬಿಎಂಡಬ್ಲ್ಯು ಕಂಪನಿ ಮಾಡಿಕೊಡುವ ಬೈಕುಗಳಲ್ಲಿ ದೀಪ, ರೇಡಿಯೊಗೆಂದೇ ಎರಡನೇ ಬ್ಯಾಟರಿ ಇರುತ್ತದೆ. ನಮಗೆ ಬಿಎಂಡಬ್ಲ್ಯು ಬೇಡ, ಆ ಎರಡನೇ ಬ್ಯಾಟರಿ ಬೇಕು. ಬೈಕು ಕಾರ್ಖಾನೆಗಳಿರುವ ಹೊಸೂರಿನಲ್ಲೋ ಒರಗಡಂನಲ್ಲೋ ಒಬ್ಬ ಎಂಜಿನಿಯರ್ ಮನಸ್ಸು ಮಾಡಿದರೆ ಆಗುವ ಕೆಲಸ ಇದು; ಅಂಗಡಿಯ ಬೈಕಿಗೆ ಸ್ಟಿಕರ್ ಅಂಟಿಸಿ ದೀಪ ಕಟ್ಟಿದರೆ ಪೊಲೀಸ್ ಬೈಕಾಗುವುದಿಲ್ಲ.

ಸದ್ದಿನ ವಿಷಯದಲ್ಲಿ ಬ್ರಿಟಿಷರು ಬುಲೆಟ್ಟಿನ ಕಾಲದಲ್ಲೇ ನಮಗಿಂತ ಬೇರೆ ದಾರಿ ಹಿಡಿದಿದ್ದರು ಎಂಬುದು ತಮಾಷೆಯ ಸಂಗತಿ. 1948ರಲ್ಲಿ ಅಲ್ಲಿ ವೆಲೊಸೆಟ್ ಎಲ್ಇ ಎಂಬ ಬೈಕು ಬಂತು. 149 ಸಿಸಿ, ಆಮೇಲೆ 192 ಸಿಸಿ. ನೀರಿನಿಂದ ತಂಪಾಗುವ, ಸದ್ದೇ ಇಲ್ಲದ ಎಂಜಿನ್. ಚೈನಿನ ಬದಲು ಶಾಫ್ಟು. ಜನಸಾಮಾನ್ಯರು ಅಷ್ಟಾಗಿ ಮೆಚ್ಚದ ಈ ಬೈಕನ್ನು ಬೀಟ್ ಪೊಲೀಸರಿಗೆಂದು ಹತ್ತಾರು ಪೊಲೀಸ್ ಪಡೆಗಳು ಕೊಂಡವು. ಹ್ಯಾಂಡಲ್ ಬಿಟ್ಟು ಸೆಲ್ಯೂಟ್ ಹೊಡೆಯಲಾಗದ ಕಾನ್‌ಸ್ಟೆಬಲ್‌ಗಳು ಮೇಲಧಿಕಾರಿಗೆ ಬರೀ ತಲೆಯಾಡಿಸಿ ಸಾಗುತ್ತಿದ್ದರು, ಇಂಗ್ಲಿಷಿನಲ್ಲಿ ತಲೆಯಾಡಿಸುವುದಕ್ಕೆ ‘ನಾಡ್’ ಎನ್ನುವುದರಿಂದ ಬೈಕಿಗೆ ‘ನಾಡಿ ಬೈಕ್’ ಎಂಬ ಅಡ್ಡಹೆಸರು ಬಿತ್ತು ಎನ್ನುತ್ತಾರೆ. ಸದ್ದಿಲ್ಲದೆ ಬರುವ ಪೊಲೀಸನಿಗೆ ಬೀದಿಯ ಸದ್ದು ಕೇಳಿಸುತ್ತದೆ: ಬಾಗಿಲು ಮೀಟುವುದು, ಗಾಜು ಒಡೆಯುವುದು, ಯಾರೋ ಕೂಗಿದ್ದು. ಬುಲೆಟ್ಟಿನ ಡುಗುಡುಗು ಸದ್ದಿಗೆ ಕೆಡುಕರು ಹೆದರುತ್ತಾರೆ ಎನ್ನುವವರಿದ್ದಾರೆ. ಹೆದರಿದವರು ಬೈಕು ತಿರುವು ದಾಟುವವರೆಗೆ ಕಾದು ಮತ್ತೆ ಕೆಲಸಕ್ಕಿಳಿಯಬಹುದಲ್ಲ!

ಆ ನಿಶ್ಶಬ್ದ ಈಗ ಎಲೆಕ್ಟ್ರಿಕ್ ಸ್ಕೂಟರ್‌ಗಳಲ್ಲಿ ಸಲೀಸಾಗಿ ಸಿಗುತ್ತದೆ. ಕ್ಲಚ್ಚಿಲ್ಲ, ತೊಡೆಗೆ ಬಿಸಿಯಿಲ್ಲ, ನಿಂತಲ್ಲಿ ಪೆಟ್ರೋಲು ಉರಿಯುವುದಿಲ್ಲ, ಸೀಟಿನ ಮೇಲೆ ಕಾಲೆತ್ತಿ ಹಾಕಬೇಕಿಲ್ಲ. ಮರೀನಾ, ಬೆಸೆಂಟ್ ನಗರ, ಟಿ. ನಗರದಂಥ ಚಿಕ್ಕ ಸುತ್ತಿನ ಬೀಟುಗಳಿಗೆ ಇದಕ್ಕಿಂತ ಒಳ್ಳೆಯದು ಸದ್ಯಕ್ಕಿಲ್ಲ ಎಂದೇ ನನ್ನ ಅನಿಸಿಕೆ. ತೊಡಕು ಇರುವುದು ಠಾಣೆಯ ಲೆಕ್ಕಾಚಾರದಲ್ಲಿ. ಅಲ್ಲಿ ಒಬ್ಬರು ಇಳಿದ ಬೈಕನ್ನು ಮುಂದಿನ ಪಾಳಿಯವರು ಹತ್ತುತ್ತಾರೆ. ಗಂಟೆಗಟ್ಟಲೆ ಚಾರ್ಜಿಗೆ ನಿಲ್ಲಿಸಲು ಪುರುಸೊತ್ತಿರದು. ಹಾಗಾಗಿ ಎರಡರ ಜಾಗದಲ್ಲಿ ಮೂರು ಸ್ಕೂಟರ್ ಕೊಳ್ಳಬೇಕಾದೀತು. 2015ರ ಡಿಸೆಂಬರ್ ಪ್ರವಾಹ, 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ವೇಳಚ್ಚೇರಿಯಂಥ ಕಡೆ ನಿಲ್ಲಿಸಿದ ನೀರನ್ನೂ ಮರೆಯುವಂತಿಲ್ಲ. ಅಂಥ ದಿನಗಳಿಗೆ ಸೈಲೆನ್ಸರ್ ಎತ್ತರದಲ್ಲಿರುವ ಪೆಟ್ರೋಲ್ ಬೈಕೇ ಬೇಕು. ಕಡಲ ಉಪ್ಪುಗಾಳಿಗೆ ಚೈನು, ಕಡ್ಡಿ, ನಟ್ಟು ಎಲ್ಲ ತುಕ್ಕು ಹಿಡಿಯುವುದು ಹೇಗೂ ಇದ್ದದ್ದೇ. ಇಡೀ ನಗರಕ್ಕೆ ಒಂದೇ ಬೈಕು ಎಂಬ ಹಟ ಬಿಡಬೇಕು. ಈಸ್ಟ್ ಕೋಸ್ಟ್ ರಸ್ತೆಗೆ, ಬೆಂಗಾವಲಿಗೆ ದೊಡ್ಡ ಬೈಕು ಕೆಲವು ಇರಲಿ. ಉಳಿದದ್ದಕ್ಕೆ 150–160 ಸಿಸಿಯ ಹಗುರ ಬೈಕು, ಎರಡೂ ಚಕ್ರಕ್ಕೆ ಎಬಿಎಸ್, ಟ್ಯೂಬ್‌ಲೆಸ್ ಟೈರು ಸಾಕು. 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್ ಕಡ್ಡಾಯವಾದದ್ದು 2019ರಲ್ಲಿ. ಮುಂದಿನ ಚಕ್ರಕ್ಕೆ ಮಾತ್ರ ಕೊಟ್ಟರೂ ಆ ನಿಯಮ ಒಪ್ಪಿತು. ಮರಳು ಚೆಲ್ಲಿದ ತಿರುವಿನಲ್ಲಿ ದಿಢೀರ್ ಬ್ರೇಕ್ ಹಾಕುವವರಿಗೆ ಅಷ್ಟು ಸಾಲದು.

ಝಗಮಗಿಸುವ ಆಯ್ಕೆಗಳು ಬೇಗ ಹಳತಾಗುತ್ತವೆ. ಕೋಲ್ಕತ್ತ ಪೊಲೀಸರು 2018ರಲ್ಲಿ ಹಾರ್ಲೆ ಡೇವಿಡ್‌ಸನ್ ಸ್ಟ್ರೀಟ್ 750 ಬೈಕುಗಳನ್ನು ಬೆಂಗಾವಲಿಗೆ ತಂದರು. 2020ರಲ್ಲಿ ಹಾರ್ಲೆ ಭಾರತದಲ್ಲಿ ಬೈಕು ತಯಾರಿಸುವುದನ್ನೇ ಕೈಬಿಟ್ಟಿತು. ಕಂಪನಿಗಳು ಉಡುಗೊರೆಯಾಗಿ ಕೊಡುವ ಬೈಕುಗಳಲ್ಲೂ ಝಗಮಗವೇ ಮುಂದು. ಗುರುಗ್ರಾಮದ ಪೊಲೀಸರಿಗೆ ಸುಜುಕಿ ಕಂಪನಿ ಕೊಟ್ಟದ್ದು ಜಿಕ್ಸರ್ ಎಸ್ಎಫ್ 250, ಮೈತುಂಬ ಫೇರಿಂಗ್ ಹೊದ್ದ ಬೈಕು. ಹಸಿರು ಬಾವುಟ ಬೀಸುವ ಚಿತ್ರದಲ್ಲಿ ಅದು ಚೆನ್ನಾಗಿಯೇ ಕಾಣುತ್ತದೆ. ಅದರ ಹಿಂದಿನ ಸೀಟಿನಲ್ಲಿ ಲಾಠಿ ಹಿಡಿದು ಪಾಳಿ ಪೂರ್ತಿ ಕೂರುವ ಕಾನ್‌ಸ್ಟೆಬಲ್‌ನನ್ನು ಯಾರೂ ಕೇಳಿರಲಾರರು.

ಟೆಂಡರಿನಲ್ಲಿ ಗೆಲ್ಲುವುದು ಕಡಿಮೆ ದರ. ತಮಿಳುನಾಡಿನಲ್ಲಿ 1998ರ, ಕರ್ನಾಟಕದಲ್ಲಿ 1999ರ ಪಾರದರ್ಶಕತೆ ಕಾಯ್ದೆಗಳು ಖರೀದಿಗೆ ಒಂದು ಶಿಸ್ತು ತಂದವು, ಅದು ಬೇಕಾದದ್ದೇ. ಆದರೆ ಏನನ್ನು ಅಳೆಯಬೇಕು ಎಂದು ಬರೆಯುವವರು ಕಚೇರಿಯಲ್ಲಿರುವವರು. ಸಿಸಿ ಇಷ್ಟು, ಅಶ್ವಶಕ್ತಿ ಇಷ್ಟು ಎಂದು ಕೇಳಿದರೆ ಅದೇ ಸಿಗುತ್ತದೆ. ಅಮೆರಿಕದ ಮಿಚಿಗನ್ ರಾಜ್ಯ ಪೊಲೀಸರು ಪೊಲೀಸ್ ವಾಹನಗಳನ್ನು ಬೈಕುಗಳ ಸಮೇತ ತಾವೇ ಓಡಿಸಿ ನೋಡುತ್ತಾರೆ. ವೇಗ, ಬ್ರೇಕಿನ ಜೊತೆಗೆ ಕೂರುವ ಅನುಕೂಲ, ರೇಡಿಯೊ ಜೋಡಿಸುವ ಅನುಕೂಲಕ್ಕೂ ಅಂಕ ಹಾಕಿ ಫಲಿತಾಂಶ ಪ್ರಕಟಿಸುತ್ತಾರೆ. ಆ ದೇಶದ ಉಳಿದ ಪೊಲೀಸ್ ಇಲಾಖೆಗಳು ಅದನ್ನು ನೋಡಿ ಕೊಳ್ಳುತ್ತವೆ.

ಇಂಥದ್ದಕ್ಕೆ ಚೆನ್ನೈಗಿಂತ ತಕ್ಕ ಊರು ನಮ್ಮ ದೇಶದಲ್ಲಿ ಕಷ್ಟ. ರಾಯಲ್ ಎನ್‌ಫೀಲ್ಡ್, ಟಿವಿಎಸ್ ಎರಡರ ಕೇಂದ್ರ ಕಚೇರಿ ಅಲ್ಲಿದೆ, ಯಮಾಹಾ ಕಾರ್ಖಾನೆ ಹೊರವಲಯದಲ್ಲಿದೆ, ಇರುಂಗಾಟುಕೋಟೈನಲ್ಲಿ ರೇಸ್ ಟ್ರ್ಯಾಕೇ ಇದೆ. ಬ್ರೇಕನ್ನು ಅಲ್ಲಿ ಪರೀಕ್ಷಿಸಲಿ. ಉಳಿದದ್ದನ್ನು ಮೇ ತಿಂಗಳ ಮಧ್ಯಾಹ್ನ ಟಿ. ನಗರದಲ್ಲಿ, ಇಬ್ಬರು ಕಾನ್‌ಸ್ಟೆಬಲ್‌ಗಳನ್ನು ಕೂರಿಸಿ, ಪಾಳಿ ಮುಗಿಯುವವರೆಗೆ. ಅಂಕ ಹಾಕುವ ಸಮಿತಿಯಲ್ಲಿ ಅರ್ಧದಷ್ಟಾದರೂ ದಿನಾ ಗಸ್ತು ಹೊಡೆಯುವವರು ಇರಲಿ, ಅವರಲ್ಲಿ ಹೆಂಗಸರೂ ಇರಲಿ. ಬೆಂಗಳೂರು ಪೊಲೀಸರೂ ಇದರಲ್ಲಿ ಕೈಜೋಡಿಸಬಹುದು. ಹೊಯ್ಸಳ ಕಾರುಗಳು ನುಗ್ಗಲಾಗದ ಓಣಿಗಳಿಗೆ ಚೀತಾ ಬೈಕು ಕಳಿಸುವ ನಮ್ಮ ಕಮಿಷನರೇಟ್ ಕೂಡ ಇಂಥ ಬೈಕುಗಳನ್ನೇ ಹುಡುಕಬೇಕು. ಟಿವಿಎಸ್‌ನ ಒಂದು ಕಾರ್ಖಾನೆ ಮೈಸೂರಿನಲ್ಲಿದೆ, ಹೊಸೂರು ಬೆಂಗಳೂರಿನ ಮಗ್ಗುಲಲ್ಲೇ ಇದೆ. ಎರಡು ನಗರಗಳ ಖರೀದಿ ಸೇರಿದರೆ ಎರಡನೇ ಬ್ಯಾಟರಿ, ತಗ್ಗಿಸಿದ ಸೀಟು, ಲಾಠಿ ಸಿಕ್ಕಿಸುವ ಕೊಂಡಿ ಇಂಥವನ್ನು ಕಾರ್ಖಾನೆಯಲ್ಲೇ ಕೂರಿಸಿ ಕೊಡಿ ಎಂದು ಕಂಪನಿಗಳಿಗೆ ಕೇಳುವಷ್ಟು ಸಂಖ್ಯೆಯಾಗುತ್ತದೆ. ಟೆಂಡರಿನಲ್ಲಿ ಐದು ವರ್ಷದ ಸರ್ವಿಸ್, ಕ್ಲಚ್ ಪ್ಲೇಟು, ಬ್ಯಾಟರಿ, ಟೈರಿನ ಖರ್ಚು ಸೇರಿಸಿಯೇ ದರ ಕೇಳಬೇಕು. ಇಲ್ಲವಾದರೆ ಅಗ್ಗಕ್ಕೆ ಬಂದ ಬೈಕು ಒಂದು ಸಣ್ಣ ಬಿಡಿಭಾಗಕ್ಕೆ ಮಂಜೂರಾತಿ ಕಾಯುತ್ತಾ ಠಾಣೆಯ ಕಾಂಪೌಂಡಿನಲ್ಲಿ ನಿಲ್ಲುತ್ತದೆ, ಕಾನ್‌ಸ್ಟೆಬಲ್ ತನ್ನ ಸ್ವಂತ ಬೈಕಿಗೆ ಸ್ವಂತ ದುಡ್ಡಿನ ಪೆಟ್ರೋಲು ಹಾಕಿಸಿಕೊಂಡು ಬೀಟಿಗೆ ಹೊರಡುತ್ತಾನೆ.