ಬನಿಯನ್ನಿನ ಊರಿನ ಇಂಗ್ಲಿಷ್

ಕೊಯಮತ್ತೂರಿನ ಕುರಿಚಿಯಲ್ಲಿ ಸಿಡ್ಕೋ ಕೈಗಾರಿಕಾ ವಸಾಹತಿದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗ ಕುಟುಂಬಗಳು ಆ ಸೀಮೆಯಲ್ಲಿ ಬಹಳ. ಪಕ್ಕದ ಜಿಲ್ಲೆಯೇ ಬನಿಯನ್ನಿನ ಊರು ತಿರುಪ್ಪೂರು. 1978ರಲ್ಲಿ ಇಟಲಿಯ ವರ್ತಕರೊಬ್ಬರು ಬಿಳಿ ಟೀ ಶರ್ಟು ಹುಡುಕಿಕೊಂಡು ಬಂದದ್ದೇ ಅಲ್ಲಿಂದ ಯೂರೋಪಿಗೆ ರಫ್ತು ಶುರುವಾಗಲು ಕಾರಣವೆನ್ನುತ್ತಾರೆ. ಇಂದಿಗೂ ಇಟಲಿ, ಜರ್ಮನಿಯ ಕೊಳ್ಳುಗರೊಡನೆ ವ್ಯವಹಾರ ಇಂಗ್ಲಿಷಿನಲ್ಲೇ. ಅದು ಅವರಿಗೂ ಕಲಿತ ಭಾಷೆ, ಇವರಿಗೂ ಕಲಿತ ಭಾಷೆ.

ಹಾಗಿದ್ದೂ ನಮ್ಮ ಯುವಕರು ತಪ್ಪಾದೀತೆಂದು ನಾಚಿ, ಅರ್ಥವಾಗದಿದ್ದರೂ 'ಯೆಸ್' ಎಂದು ತಲೆಯಾಡಿಸುವುದನ್ನು ಕಾಣುತ್ತೇವೆ. ವ್ಯಾಕರಣ ತಪ್ಪಿದರೆ ವ್ಯಾಪಾರ ಕೆಡುವುದಿಲ್ಲ. ಈ 'ಯೆಸ್' ಕೆಡಿಸುತ್ತದೆ. 'ವೆಸ್ಟ್' ಎಂದರೆ ಬ್ರಿಟನ್ನಿನವರಿಗೆ ಬನಿಯನ್, ಅಮೆರಿಕದವರಿಗೆ ವೇಸ್ಟ್‌ಕೋಟು! 05/06 ಎಂದು ಬರೆದರೆ ಲಂಡನ್ನಿನಲ್ಲಿ ಜೂನ್ 5, ನ್ಯೂಯಾರ್ಕಿನಲ್ಲಿ ಮೇ 6. ಹಡಗು ತಪ್ಪಿ ಸರಕನ್ನು ವಿಮಾನದಲ್ಲಿ ಕಳಿಸಬೇಕಾಗಿ ಬಂದರೆ ಲಾಭವೆಲ್ಲ ಬಾಡಿಗೆಗೇ ಹೋದೀತು. ಇಂಗ್ಲಿಷ್ ಮನೆಮಾತಾದವರೂ ಇಲ್ಲಿ ಎಡವುತ್ತಾರೆ.

ಅದಕ್ಕೇ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಕೆಲವು ವ್ಯಾಪಾರ ಪದಗಳಿಗೆ ಗೊತ್ತಾದ ಅರ್ಥ ಕಟ್ಟಿ 'ಇನ್‌ಕೋಟರ್ಮ್ಸ್' ಹೊರತಂದಿತು. 'ಎಫ್.ಓ.ಬಿ. ತೂತ್ತುಕುಡಿ' ಎಂದರೆ ಸರಕು ಅಲ್ಲಿ ಹಡಗೇರುವವರೆಗೆ ಹೊಣೆ ಮಾರುವವನದು, ಆಮೇಲೆ ಕೊಳ್ಳುವವನದು. ಮೂರಕ್ಷರದಲ್ಲಿ ಮಾತು ಮುಗಿಯಿತು.

ಉಚ್ಚಾರಣೆ ಚೆನ್ನಾಗಿರಲೆಂದು ಸಾಲ ಮಾಡಿ ಕಾನ್ವೆಂಟಿಗೆ ಕಳಿಸುವ ತಂದೆತಾಯಂದಿರನ್ನು (ನಮ್ಮ ಶಾಲೆಗಳನ್ನೂ ಸೇರಿಸಿಯೇ) ಕೇಳುತ್ತೇವೆ: 'ಇನ್ನೊಮ್ಮೆ ಹೇಳಿ', 'ನನಗೆ ತಿಳಿದದ್ದು ಹೀಗೆ, ಸರಿಯೇ?' ಎಂಬೆರಡು ಮಾತನ್ನು ಮಕ್ಕಳು ಇಂಗ್ಲಿಷಿನಲ್ಲಿ ಅಳುಕದೆ ಆಡುತ್ತಾರೆಯೇ? ತಾರೀಖಿನಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಯುತ್ತಾರೆಯೇ?