ಕ್ಯಾಮೆರಾ ದೊಡ್ಡದಾದರೆ ಪತ್ರಕರ್ತ ದೊಡ್ಡವನಾಗುವುದಿಲ್ಲ

"ಸ್ವಲ್ಪ ಆ ಕಡಿ ಸರೀರಿ, ಪತ್ರಕರ್ತರು ಬರಾಕತ್ತಾರ."

ಗಜೇಂದ್ರಗಡದಲ್ಲಿ ನಡೆದ ಒಂದು ಸಭೆಯಲ್ಲಿ ಸಂಘಟಕರೊಬ್ಬರು ನಮಗೆ ಹೇಳಿದ ಮಾತಿದು. ನಾವು ವೇದಿಕೆಯ ಮುಂದೆ ನಿಂತಿದ್ದೆವು. ಕೊರಳಲ್ಲಿ ಸಣ್ಣದೊಂದು ಮಿರರ್‌ಲೆಸ್ ಕ್ಯಾಮೆರಾ ಇತ್ತು. ಹಿಂದಿನಿಂದ ಬರುತ್ತಿದ್ದ 'ಪತ್ರಕರ್ತರು' ಮದುವೆ ಫೋಟೊ ತೆಗೆಯುವ ಇಬ್ಬರು ಹುಡುಗರು. ಅವರ ಕೈಯಲ್ಲಿ ದಪ್ಪ ಡಿಎಸ್‌ಎಲ್‌ಆರ್, ಅದರ ನೆತ್ತಿಯ ಮೇಲೆ ಫ್ಲ್ಯಾಶ್.

"ನಾವೂ ಪತ್ರಕರ್ತರ ಅದೀವ್ರಿ" ಎಂದೆವು. ಅವರು ನಮ್ಮ ಮುಖ ನೋಡಿದರು, ಕ್ಯಾಮೆರಾ ನೋಡಿದರು. "ಹೌದ್ರಿ? ಮತ್ತ ದೊಡ್ಡ ಕ್ಯಾಮೆರಾ ತಂದಿಲ್ಲೇನ್ರಿ?"

ಅವರೊಬ್ಬರ ಮೇಲೆ ನಮಗೆ ಸಿಟ್ಟಿಲ್ಲ. ಈ ರೋಗ ಎಲ್ಲ ಕಡೆ ಇದೆ. ಕಚೇರಿಯ ಬಾಗಿಲಲ್ಲಿ ಕೂತ ಸಿಪಾಯಿಗೂ ಇದೆ, ವೇದಿಕೆ ಮೇಲಿನ ನಾಯಕರಿಗೂ ಇದೆ, ಜಿಲ್ಲಾ ಕೇಂದ್ರದಲ್ಲಿ ಕೂತ ನಮ್ಮದೇ ಹಿರಿಯರಿಗೂ ಇದೆ. ನಿಜ ಹೇಳಬೇಕೆಂದರೆ ಬಹಳ ವರ್ಷ ನಮಗೂ ಇತ್ತು. ಡಿಪ್ಲೊಮಾ ಮುಗಿಸಿದ ಮೇಲೆ ಸಾಲ ಮಾಡಿ ಕೊಂಡ ಮೊದಲ ವಸ್ತು ದೊಡ್ಡ ಡಿಎಸ್‌ಎಲ್‌ಆರ್. ಬೈಕಿಗಿಂತ ಮೊದಲು ಅದು ಬಂತು. ಅದನ್ನು ಕೊರಳಿಗೆ ಹಾಕಿಕೊಂಡು ತಾಲ್ಲೂಕು ಕಚೇರಿಗೆ ಹೋದರೆ ಕುರ್ಚಿ ಸಿಗುತ್ತಿತ್ತು. ಕುರ್ಚಿ ಸಿಗುತ್ತಿತ್ತು, ನಿಜ. ಆದರೆ ಫೋಟೊ ತಪ್ಪಿ ಹೋಗುತ್ತಿತ್ತು. ಇವತ್ತಿನ ಜಗಳ ಅದರ ಬಗ್ಗೆಯೇ.

2019ರ ಆಗಸ್ಟ್ ನೆನಪು ಮಾಡಿಕೊಳ್ಳಿ. ಮಲಪ್ರಭೆ ಉಕ್ಕಿತು. ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆಆಲೂರು ಕಡೆಯ ಊರುಗಳಿಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ಸರ್ಕಾರ ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ, ಸ್ವಲ್ಪ ಹಾನಿಯಾದ ಮನೆಗೆ 50 ಸಾವಿರ. ಎ ಮತ್ತು ಸಿ ನಡುವೆ ಒಂದು ಕುಟುಂಬದ ಬದುಕೇ ಇತ್ತು.

ಆ ಮಳೆಯ ದಿನಗಳಲ್ಲಿ ನಾವು ದಿನಾ ಹೊಳೆಸಾಲಿನ ಊರುಗಳಿಗೆ ಹೋದೆವು. ಕ್ಯಾಮೆರಾ ಬ್ಯಾಗ್ ಮೊದಲ ದಿನ ಮಾತ್ರ ಒಯ್ದೆವು. ಬ್ಯಾಗಿಗೆ ಗೊಬ್ಬರದ ಚೀಲ ಸುತ್ತಿ, ಹೆಗಲಿಗೆ ಹಾಕಿಕೊಂಡು, ಮೊಣಕಾಲುಮಟ್ಟ ಕೆಸರಲ್ಲಿ ನಡೆದಾಗ ಎರಡು ಸಲ ಜಾರಿದೆವು. ಸಾಲದ ಕ್ಯಾಮೆರಾ, ನೀರಿಗೆ ಬಿದ್ದರೆ ಹೊಸದು ಯಾರು ಕೊಡುತ್ತಾರೆ? ಮರುದಿನದಿಂದ ಅದು ಮನೆಯ ಅಲಮಾರಿಯಲ್ಲಿ ಉಳಿಯಿತು. ಕಿಸೆಯಲ್ಲಿದ್ದ ಫೋನಿನಲ್ಲೇ ಕೆಲಸ ನಡೆಸಿದೆವು. ಮಳೆಗಾಲದ ಮಬ್ಬು, ಸಂಜೆಯ ಹೊತ್ತು, ನೀರಿನ ಆ ಕಡೆ ಮನೆ. ಫೋನಿನಲ್ಲಿ ಹಿಗ್ಗಿಸಿ ತೆಗೆದ ಫೋಟೊದಲ್ಲಿ ಗೋಡೆ ಯಾವುದು, ಕೆಸರು ಯಾವುದು ಎಂದು ತಿಳಿಯುತ್ತಿರಲಿಲ್ಲ.

ಕೆಲವು ವಾರ ಕಳೆದ ಮೇಲೆ ಒಬ್ಬ ಅಜ್ಜಿ ನಮ್ಮನ್ನು ಹುಡುಕಿಕೊಂಡು ಬಂದರು. ಅವರ ಮನೆಯ ಹಿಂದಿನ ಗೋಡೆ ಬಿದ್ದಿತ್ತು. ಪಟ್ಟಿಯಲ್ಲಿ ಮಾತ್ರ ಸ್ವಲ್ಪ ಹಾನಿ ಎಂದು ಬರೆದಿದ್ದರು. "ಅವತ್ತ ನೀ ಫೋಟೊ ಹೊಡದಿದ್ದೆಲ್ಲ ತಮ್ಮಾ, ಅದು ಕೊಡು, ಸಾಹೇಬ್ರಿಗೆ ತೋರಸ್ತೀನಿ" ಎಂದರು. ಫೋನಿನಲ್ಲಿದ್ದದ್ದು ತೋರಿಸಿದೆವು. ಅವರು ಬಹಳ ಹೊತ್ತು ನೋಡಿದರು. "ಇದರಾಗ ಏನೂ ಕಾಣವಲ್ದಲ್ಲೋ" ಎಂದು ಹೊರಟರು.

ದೊಡ್ಡ ಕ್ಯಾಮೆರಾ ಅಲಮಾರಿಯಲ್ಲಿ ಭದ್ರವಾಗಿತ್ತು. ಒಂದು ಹನಿ ನೀರು ತಾಗಿರಲಿಲ್ಲ.

ನಮ್ಮ ವಾದ ಇಷ್ಟೇ: ಮನೆಯಲ್ಲಿ ಉಳಿದ ಕ್ಯಾಮೆರಾ ಎಷ್ಟು ದೊಡ್ಡದಾದರೂ ಕ್ಯಾಮೆರಾ ಅಲ್ಲ. ನರಗುಂದ ಒಂದು ತುದಿ, ಗಜೇಂದ್ರಗಡ ಇನ್ನೊಂದು ತುದಿ, ನಡುವೆ ರೋಣ. ಈ ಮೂರೂ ಕಡೆ ಬಸ್ಸು, ಬೈಕು, ಕಾಲ್ನಡಿಗೆಯಲ್ಲಿ ತಿರುಗುವ ಬಿಡಿ ವರದಿಗಾರನಿಗೆ ಬೇಕಾದದ್ದು ದಿನವೂ ಜೊತೆಗೆ ಬರುವ ಕ್ಯಾಮೆರಾ. ಅದು ಹಗುರವಾದ ಮಿರರ್‌ಲೆಸ್.

ಗೊತ್ತಿಲ್ಲದವರಿಗೆ ಒಂದು ಮಾತು. ಡಿಎಸ್‌ಎಲ್‌ಆರ್ ಒಳಗೆ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ಮೇಲಕ್ಕೆ, ನಾವು ಕಣ್ಣಿಡುವ ಕಿಂಡಿಗೆ ಕಳಿಸುತ್ತದೆ. ಬಟನ್ ಒತ್ತಿದಾಗ ಕನ್ನಡಿ ಟಪ್ ಎಂದು ಮೇಲೇಳುತ್ತದೆ, ಆಗ ಬೆಳಕು ಹಿಂದಿನ ಸೆನ್ಸರ್ ಮೇಲೆ ಬಿದ್ದು ಫೋಟೊ ಆಗುತ್ತದೆ. ಮಿರರ್‌ಲೆಸ್‌ನಲ್ಲಿ ಈ ಕನ್ನಡಿಯೇ ಇಲ್ಲ. ಸೆನ್ಸರ್ ಕಂಡದ್ದನ್ನೇ ಪುಟ್ಟ ಪರದೆಯಲ್ಲಿ ನಾವು ನೋಡುತ್ತೇವೆ. ಕನ್ನಡಿಗೆ ಬೇಕಾದ ಜಾಗ ಉಳಿಯಿತು. ಕ್ಯಾನನ್‌ನ ಡಿಎಸ್‌ಎಲ್‌ಆರ್‌ಗಳಲ್ಲಿ ಲೆನ್ಸ್ ಕೂರುವ ಬಳೆಯಿಂದ ಸೆನ್ಸರ್‌ಗೆ 44 ಮಿ.ಮೀ. ದೂರ. ಅದೇ ಕಂಪನಿಯ ಆರ್ ಸರಣಿಯ ಮಿರರ್‌ಲೆಸ್‌ಗಳಲ್ಲಿ 20 ಮಿ.ಮೀ. ಮಾತ್ರ. ಕ್ಯಾಮೆರಾ ತೆಳ್ಳಗಾದದ್ದು ಇದರಿಂದ.

'ಸಣ್ಣದರಲ್ಲಿ ಫೋಟೊ ಚಲೋ ಬರೂದಿಲ್ಲ' ಎನ್ನುವವರಿಗೆ ಉತ್ತರವೂ ಇಲ್ಲೇ ಇದೆ. ಫೋಟೊ ಆಗುವುದು ಸೆನ್ಸರ್‌ನಲ್ಲಿ, ಕನ್ನಡಿಯಲ್ಲಿ ಅಲ್ಲ. ನಮ್ಮ ಕಡೆ ಹೆಚ್ಚಿನವರ ಬಳಿ ಇರುವ ಡಿಎಸ್‌ಎಲ್‌ಆರ್‌ಗಳಲ್ಲಿ ಮತ್ತು ಕ್ಯಾನನ್ ಆರ್50, ನಿಕಾನ್ ಝಡ್50, ಸೋನಿ ಎ6400ಗಳಲ್ಲಿ ಇರುವುದು ಹೆಚ್ಚುಕಡಿಮೆ ಒಂದೇ ಅಳತೆಯ, ಎಪಿಎಸ್-ಸಿ ಎನ್ನುವ ಸೆನ್ಸರ್. ದಪ್ಪ ಇರುವುದು ಡಬ್ಬಿಯಲ್ಲಿ.

ಈಗ ತಕ್ಕಡಿ ಹಿಡಿಯೋಣ. ಕ್ಯಾನನ್ 80ಡಿ ಬ್ಯಾಟರಿ ಸೇರಿ 730 ಗ್ರಾಂ. ಅದರ 18-135 ಲೆನ್ಸ್ 515 ಗ್ರಾಂ, ದೂರದ ಫೋಟೊಗೆ 55-250 ಲೆನ್ಸ್ 375 ಗ್ರಾಂ. ಒಟ್ಟು 1,620 ಗ್ರಾಂ. ಫ್ಲ್ಯಾಶ್, ಚಾರ್ಜರ್, ಬ್ಯಾಗ್ ಬೇರೆ. 2023ರಲ್ಲಿ ಬಂದ ಕ್ಯಾನನ್ ಆರ್50 ಬ್ಯಾಟರಿ, ಕಾರ್ಡ್ ಸೇರಿ 375 ಗ್ರಾಂ. ಅದರ 18-45 ಲೆನ್ಸ್ 130, 55-210 ಲೆನ್ಸ್ 270 ಗ್ರಾಂ. ಒಟ್ಟು 775. ಅರ್ಧಕ್ಕಿಂತ ಕಡಿಮೆ. ಸಣ್ಣ ಲೆನ್ಸ್ ಹಾಕಿದ ಕ್ಯಾಮೆರಾ ರೇನ್‌ಕೋಟಿನ ಒಳಗೆ ಎದೆಗೆ ಹತ್ತಿಕೊಂಡು ಕೂರುತ್ತದೆ. ಬಸ್ಸಿನಲ್ಲಿ ಬುತ್ತಿಯ ಚೀಲದಲ್ಲೇ ಹಿಡಿಯುತ್ತದೆ. ಬ್ಯಾಗ್ ಬಿಚ್ಚುವ ಹೊತ್ತಿಗೆ ದೋಣಿ ದಾಟಿ ಹೋಯಿತು ಎಂಬ ಮಾತೇ ಇಲ್ಲ.

ಇನ್ನೊಂದು ಲಾಭಕ್ಕೆ ಬೆಲೆ ಕಟ್ಟಲು ಬರುವುದಿಲ್ಲ. ಸಾಲಕ್ಕೆ ಜೀವ ಕಳೆದುಕೊಂಡ ರೈತನ ಮನೆಗೆ ನಾವು ಹೋಗುತ್ತೇವೆ. ಅಲ್ಲಿ ಮೌನ ಇರುತ್ತದೆ. ಟಪ್ ಟಪ್ ಎಂದು ಕನ್ನಡಿ ಬಡಿದ ಪ್ರತಿ ಸಲ ಮನೆಯವರು ತಿರುಗಿ ನೋಡುತ್ತಾರೆ. ನಾವು ತಲೆ ತಗ್ಗಿಸಿದ್ದುಂಟು. ಇಂಥ ಮಿರರ್‌ಲೆಸ್‌ಗಳನ್ನು ಸದ್ದಿಲ್ಲದಂತೆ ಇಡಬಹುದು. ಆದರೆ ಕೇಳಿ ತೆಗೆಯಿರಿ, ಕದ್ದು ತೆಗೆಯಬೇಡಿ. ಸದ್ದಿಲ್ಲ ಎಂದರೆ ಅನುಮತಿ ಬೇಡ ಎಂದಲ್ಲ.

ಎದುರು ಮಾತುಗಳಿಗೂ ಉತ್ತರ ಕೊಡಬೇಕು. ನಾವು ಯಾವ ಅಂಗಡಿಯ ಏಜೆಂಟರೂ ಅಲ್ಲ.

'ಬ್ಯಾಟರಿ ಬೇಗ ಇಳಿಯತೈತಿ.' ಹೌದು, ಇಳಿಯುತ್ತದೆ. ಕಂಪನಿಗಳ ಲೆಕ್ಕದಲ್ಲೇ ನಿಕಾನ್ ಡಿ5600 ಒಂದು ಚಾರ್ಜಿಗೆ 970 ಫೋಟೊ ಕೊಟ್ಟರೆ, ಎ6400 ಪರದೆ ನೋಡಿ ತೆಗೆದಾಗ ಕೊಡುವುದು 410ರಷ್ಟು. ಅದಕ್ಕೆ ಎರಡನೆಯ ಬ್ಯಾಟರಿ ಕಡ್ಡಾಯ. ಎ6400, ಝಡ್50 ಎರಡನ್ನೂ ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡಬಹುದು. ಕರೆಂಟ್ ಹೋದ ಊರಲ್ಲಿ ಇದು ಸಣ್ಣ ಮಾತಲ್ಲ.

'ಧೂಳು ಹೊಕ್ಕೊಂತೈತಿ.' ಇದೂ ನಿಜ. ಬಹಳಷ್ಟು ಮಿರರ್‌ಲೆಸ್‌ಗಳಲ್ಲಿ ಲೆನ್ಸ್ ತೆಗೆದರೆ ಸೆನ್ಸರ್ ಬಯಲಿಗೆ ಬೀಳುತ್ತದೆ, ಮುಂದೆ ಕನ್ನಡಿಯ ಮರೆ ಇಲ್ಲ. ಎರಿ ಹೊಲದ ಧೂಳು, ಗಜೇಂದ್ರಗಡದ ಗುಡ್ಡದ ಗಾಳಿ ಎರಡೂ ನಮಗೆ ಗೊತ್ತು. ಗಾಳಿಗಿರಣಿ ತಿರುಗುವ ಗುಡ್ಡದ ಮೇಲೆ ನಿಂತು ಲೆನ್ಸ್ ಬದಲಿಸಬೇಡಿ. ಹೊರಡುವ ಮೊದಲೇ ಯಾವ ಲೆನ್ಸ್ ಎಂದು ತೀರ್ಮಾನಿಸಿ.

'ಸದ್ದಿಲ್ಲದ ಶಟರ್‌ನಾಗ ಪಟ್ಟಿ ಬೀಳ್ತಾವ.' ಕೆಲವು ಎಲ್‌ಇಡಿ ದೀಪಗಳ ಕೆಳಗೆ ಬೀಳುತ್ತವೆ, ಓಡುವ ಎತ್ತು ಸೊಟ್ಟಗೂ ಕಾಣಬಹುದು. ಸಭೆಯಲ್ಲಿ, ಓಟದ ಸ್ಪರ್ಧೆಯಲ್ಲಿ ಆ ವ್ಯವಸ್ಥೆ ಬಿಟ್ಟು ಮಾಮೂಲಿ ಶಟರ್ ಬಳಸಿ.

'ಫೋನ್ ಐತೆಲ್ಲ, ಕ್ಯಾಮೆರಾ ಯಾಕ?' ಉದ್ಘಾಟನೆ, ಸನ್ಮಾನ, ಮನವಿ ಸಲ್ಲಿಕೆಗೆ ಫೋನ್ ಸಾಕು. ಅದಕ್ಕೆ ಕ್ಯಾಮೆರಾ ತೆಗೆಯುವ ಅಗತ್ಯವೂ ಇಲ್ಲ. ಹೊಳೆಯ ಆ ದಡ, ಕತ್ತಲಾದ ಮೇಲಿನ ಧರಣಿ, ಪೊಲೀಸರ ಸಾಲಿನ ಹಿಂದೆ ನಡೆಯುವುದು, ಇವಕ್ಕೆ ಫೋನ್ ಸಾಲದು. 2016ರ ಜುಲೈನಲ್ಲಿ ಮಹದಾಯಿ ಹೋರಾಟದ ವೇಳೆ ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಪೊಲೀಸರು ಜನರನ್ನು ಹೊಡೆದದ್ದು ನಾಡಿಗೆ ಮುಟ್ಟಿದ್ದು ದೃಶ್ಯ ಇದ್ದದ್ದರಿಂದ. ದೃಶ್ಯ ಇಲ್ಲದಿದ್ದರೆ ಅದು ಒಂದು ಕಾಲಂ ಸುದ್ದಿಯಾಗಿ ಮುಗಿಯುತ್ತಿತ್ತು.

ಇನ್ನು ಕೊಳ್ಳುವವರಿಗೆ ನಾಲ್ಕು ಎಚ್ಚರಿಕೆ. ಒಂದು, ಹಳೆ ಕ್ಯಾನನ್ ಲೆನ್ಸ್ ಇದ್ದರೆ ಮಾರಬೇಡಿ. ಇಎಫ್, ಇಎಫ್-ಎಸ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಆರ್ ಸರಣಿಯಲ್ಲಿ ನಡೆಯುತ್ತವೆ. ನಿಕಾನ್‌ನವರು ನೋಡಿಕೊಳ್ಳಿ, ಒಳಗೆ ಮೋಟಾರ್ ಇಲ್ಲದ ಹಳೆಯ ಎಎಫ್-ಡಿ ಲೆನ್ಸ್‌ಗಳು ಝಡ್50 ಮೇಲೆ ತಾವಾಗಿ ಫೋಕಸ್ ಆಗುವುದಿಲ್ಲ. ಎರಡು, ಹಳೆ ಫ್ಲ್ಯಾಶ್ ಆರ್50 ಮೇಲೆ ನೇರವಾಗಿ ನಡೆಯುವುದಿಲ್ಲ, ಅದಕ್ಕೂ ಬೇರೆ ಅಡಾಪ್ಟರ್ ಬೇಕು. ಮೂರು, ಕ್ಯಾನನ್ ಎಂ50 ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತದೆ. ಕ್ಯಾಮೆರಾ ಕೆಟ್ಟದ್ದಲ್ಲ. ಆದರೆ ಆ ಎಂ ಸರಣಿಯನ್ನೇ ಕಂಪನಿ ನಿಲ್ಲಿಸಿದೆ, ಹೊಸ ಲೆನ್ಸ್ ಬರುವುದಿಲ್ಲ. ನಾಲ್ಕು, ಹಗುರ ಬಾಡಿ ಕೊಂಡು ಅದಕ್ಕೆ 900 ಗ್ರಾಂ ತೂಗುವ 24-70 ಲೆನ್ಸ್ ಹಾಕಿದರೆ ನೀವು ಮತ್ತೆ ಗತ್ತಿಗೇ ದುಡ್ಡು ಕೊಟ್ಟಿರಿ.

ಕೈಯಲ್ಲಿ ಈಗಾಗಲೇ ಡಿಎಸ್‌ಎಲ್‌ಆರ್ ಇದ್ದು, ಕೊಳ್ಳಲು ದುಡ್ಡಿಲ್ಲದಿದ್ದರೆ ಮತ್ತೆ ಸಾಲ ಮಾಡಬೇಡಿ. ಕ್ಯಾನನ್‌ನ 24 ಮಿ.ಮೀ. ಚಪ್ಪಟೆ ಲೆನ್ಸ್ 125 ಗ್ರಾಂ ಇದೆ, 50 ಮಿ.ಮೀ. 160 ಗ್ರಾಂ. ಸೆಕೆಂಡ್ ಹ್ಯಾಂಡ್ ಒಂದು ಹಾಕಿ, ದೊಡ್ಡ ಬ್ಯಾಗನ್ನು ಮನೆಯಲ್ಲಿ ಬಿಡಿ, ಕ್ಯಾಮೆರಾ ಮಾತ್ರ ಒಯ್ಯಿರಿ. ನಮ್ಮ ತಕರಾರು ಡಿಎಸ್‌ಎಲ್‌ಆರ್ ಮೇಲಲ್ಲ, ಅದನ್ನು ಕೊಳ್ಳಲೇಬೇಕು ಎಂದು ನಮ್ಮ ಹುಡುಗರ ಮೇಲೆ ಬೀಳುವ ಒತ್ತಡದ ಮೇಲೆ.

ಆ ಒತ್ತಡ ಯಾರದು? ಸುದ್ದಿಗಿಷ್ಟು ಎಂದು ಗೌರವಧನ ಕೊಡುವ ಪತ್ರಿಕೆಗಳದು. ಪೆಟ್ರೋಲ್ ನಮ್ಮದು, ಇಂಟರ್ನೆಟ್ ನಮ್ಮದು, ಕ್ಯಾಮೆರಾ ನಮ್ಮದು. ಫೋಟೊದ ಕೆಳಗೆ ಹೆಸರು ಹಾಕಲು ಮಾತ್ರ ಅವರಿಗೆ ಜಾಗ ಇಲ್ಲ. ಒಮ್ಮೆ ಒಂದು ಡೆಸ್ಕಿನಿಂದ "ನಿಮ್ಮ ಹತ್ರ ಒಳ್ಳೇ ಕ್ಯಾಮೆರಾ ಇಲ್ವಾ?" ಎಂಬ ಫೋನ್ ಬಂತು. "ಕೊಡಸ್ತೀರೇನ್ರಿ ಸರ್?" ಎಂದು ಕೇಳಿದೆವು. ಲೈನ್ ಕಟ್ಟಾಯಿತು.

ಅಸೋಸಿಯೇಟೆಡ್ ಪ್ರೆಸ್ ಎಂಬ ಸುದ್ದಿಸಂಸ್ಥೆ ಜಗತ್ತಿನ ತುಂಬ ಕೆಲಸ ಮಾಡುತ್ತದೆ. 2020ರಲ್ಲಿ ಅದು ತನ್ನ ಫೋಟೊ ಪತ್ರಕರ್ತರಿಗೆ ಸೋನಿ ಮಿರರ್‌ಲೆಸ್ ಕ್ಯಾಮೆರಾಗಳನ್ನು ಕೊಡುವುದಾಗಿ ಘೋಷಿಸಿತು. ಕೊಡುವುದಾಗಿ ಹೇಳಿತು, ಕೊಂಡು ತನ್ನಿ ಎನ್ನಲಿಲ್ಲ. ಅಷ್ಟು ದೊಡ್ಡ ಸಂಸ್ಥೆಗೆ ಬೇಡವಾದ ಗತ್ತು ರೋಣದ ತಾಲ್ಲೂಕು ಕಚೇರಿಗೆ ಯಾಕೆ ಬೇಕು?

ನಮ್ಮ ಬೇಡಿಕೆ ಮೂರು. ಪತ್ರಿಕೆಗಳು ತಾಲ್ಲೂಕಿಗೆ ಒಂದಾದರೂ ಹಗುರ ಕ್ಯಾಮೆರಾ ಕೊಡಲಿ, ಸರದಿಯ ಮೇಲೆ ಬಳಸುತ್ತೇವೆ. ಅಧಿಕಾರಿಗಳು, ಸಂಘಟಕರು ಪತ್ರಕರ್ತರ ಗುರುತಿನ ಚೀಟಿ ನೋಡಲಿ, ಲೆನ್ಸಿನ ಉದ್ದ ಅಳೆಯಬೇಡಿ. ಹೊಸದಾಗಿ ಕೆಲಸಕ್ಕೆ ಬರುವ ತಮ್ಮಂದಿರು, ತಂಗಿಯರು ಅಂಗಡಿಗೆ ಹೋದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಲಿ: ಮಳೆ ಬರುವ ದಿನ ಇದನ್ನು ನಾನು ಒಯ್ಯುತ್ತೇನೆಯೇ?

ಓದುಗರಿಗೂ ಒಂದು ಮಾತು. ನಿಮ್ಮ ಹೊಲದ ಹೆಸರಿಗೆ ಹಳದಿ ರೋಗ ಬಿದ್ದಾಗ, ಮನೆಯ ಗೋಡೆ ಬಿದ್ದಾಗ, ಸಣ್ಣ ಕ್ಯಾಮೆರಾ ಹಿಡಿದ ಯಾರಾದರೂ ಬಾಗಿಲಿಗೆ ಬಂದರೆ "ಇಷ್ಟ ಸಣ್ಣದೇನ್ರಿ?" ಎನ್ನಬೇಡಿ. ಒಳಗೆ ಕರೆಯಿರಿ, ಹಿಂದಿನ ಗೋಡೆ ತೋರಿಸಿರಿ.

ಆ ಅಜ್ಜಿಯ ಮನೆಯ ಹಿಂದಿನ ಗೋಡೆಯ ಫೋಟೊ ನಮ್ಮ ಬಳಿ ಇವತ್ತಿಗೂ ಇಲ್ಲ. ಇನ್ನೊಬ್ಬ ಅಜ್ಜಿಗೆ ಹಾಗಾಗಬಾರದು.