ದೊಡ್ಡ ಮೋಟಾರು ಕೊಳ್ಳುವ ಮೊದಲು ತಂತಿಯ ಕಡೆ ನೋಡಿ



ಕುಮಾರಪಟ್ಟಣದಲ್ಲಿ ತುಂಗಭದ್ರೆಯ ದಂಡೆಗೆ ನಿಂತರೆ ಎದುರಿಗೆ ಹರಿಹರ. ಈ ದಂಡೆಯ ಊರುಗಳಲ್ಲಿ ಹೊಲವೂ ಇದ್ದು, ಹೊಳೆಯ ಮೀನನ್ನೂ ನಂಬಿದ ಮನೆಗಳಿವೆ. ಮೆಕ್ಕೆಜೋಳ ಕೈಕೊಟ್ಟ ವರ್ಷ ಬಲೆ ಮನೆ ನಡೆಸುತ್ತದೆ. ಇಂಥವರಲ್ಲಿ ದೋಣಿಗೆ ಬ್ಯಾಟರಿ ಮೋಟಾರು ಕೂಡಿಸಿಕೊಂಡವರು ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ಸಾಹೇಬ್ರ, ಇದು ಎಳಿಯೂದಿಲ್ಲ. ಇದಕ್ಕಿಂತ ದೊಡ್ಡದು ಯಾವುದು ತರೂಣು?’

ನನ್ನ ಉತ್ತರವೂ ಒಂದೇ. ಸದ್ಯಕ್ಕೆ ಯಾವುದನ್ನೂ ತರಬೇಡಿ. ಹತ್ತರಲ್ಲಿ ಎಂಟು ದೋಣಿಗಳಲ್ಲಿ ದೋಷವಿರುವುದು ಮೋಟಾರಿನಲ್ಲಲ್ಲ, ಅದಕ್ಕೆ ವಿದ್ಯುತ್ತು ತರುವ ತಂತಿಯಲ್ಲಿ ಮತ್ತು ಬ್ಯಾಟರಿಯಲ್ಲಿ ಎಂಬುದು ನನ್ನ ಅನುಭವ. ಅಂಗಡಿಯವರು ಈ ಮಾತನ್ನು ಒಪ್ಪಲಿಕ್ಕಿಲ್ಲ. ತಂತಿ ಮಾರಿದರೆ ಅವರಿಗೆ ಸಿಗುವುದೆಷ್ಟು!

ಮೊದಲು ಈ ಯಂತ್ರ ಯಾವುದಕ್ಕೆ ಹುಟ್ಟಿತೆಂಬುದನ್ನು ತಿಳಿದುಕೊಳ್ಳಿ. ಗಾಳದ ದಾರವನ್ನು ನೀರಿನಲ್ಲಿ ಎಳೆಯುತ್ತ ನಿಧಾನವಾಗಿ ಸಾಗುವುದಕ್ಕೆ ಟ್ರೋಲಿಂಗ್ ಎನ್ನುತ್ತಾರೆ. 1934ರಲ್ಲಿ ಅಮೆರಿಕದ ಫಾರ್ಗೊ ಎಂಬ ಊರಿನಲ್ಲಿ ಓ. ಜಿ. ಸ್ಮಿಟ್ ಎಂಬವರು ಕಾರಿನ ಸ್ಟಾರ್ಟರ್ ಮೋಟಾರಿಗೆ ಉದ್ದನೆಯ ದಂಡ ಮತ್ತು ರೆಕ್ಕೆಯ ಚಕ್ರವನ್ನು ಜೋಡಿಸಿ ಇದನ್ನು ಮಾಡಿದರು. ಅಂದರೆ ಇದು ನಿಧಾನಕ್ಕಾಗಿ ಹುಟ್ಟಿದ ಯಂತ್ರ. ಓಟಕ್ಕಲ್ಲ. ಎಷ್ಟೇ ದೊಡ್ಡದು ತಂದರೂ ಸಣ್ಣ ದೋಣಿಯನ್ನು ಇದು ಬಿರುಸಾಗಿ ನಡೆಯುವ ಮನುಷ್ಯನ ವೇಗಕ್ಕಿಂತ ಹೆಚ್ಚು ಓಡಿಸಲಾರದು. ನೀರಿನಲ್ಲಿ ವೇಗವನ್ನು ಇಮ್ಮಡಿ ಮಾಡಬೇಕಾದರೆ ಶಕ್ತಿಯನ್ನು ಸುಮಾರು ಎಂಟು ಪಟ್ಟು ಕೊಡಬೇಕು. ಈ ಲೆಕ್ಕವನ್ನು ತಿರುಗಿಸಿ ನೋಡಿದರೆ ಲಾಭವೂ ಇದೆ: ಅರ್ಧ ವೇಗದಲ್ಲಿ ಹೋದರೆ ಬ್ಯಾಟರಿ ಖರ್ಚು ಎಂಟನೆಯ ಒಂದು ಪಾಲಿಗೆ ಹತ್ತಿರ ಇಳಿಯುತ್ತದೆ. ವೇಗ ಬೇಕಾದವರಿಗೆ ಪೆಟ್ರೋಲ್ ಎಂಜಿನ್ ಇದೆ. ಆದರೆ ಅದರ ಎಣ್ಣೆ ಹೊಳೆಗೆ ಬೀಳುತ್ತದೆ. 1980ರ ದಶಕದಲ್ಲಿ ಇದೇ ಭಾಗದ ನೀರು ಕೆಟ್ಟು ಮೀನು ಸತ್ತು ತೇಲಿದ್ದನ್ನೂ, ಮೀನುಗಾರರು, ರೈತರು ಅದರ ವಿರುದ್ಧ ದನಿಯೆತ್ತಿದ್ದನ್ನೂ ನಿಮ್ಮ ಮನೆಯ ಹಿರಿಯರು ಮರೆತಿಲ್ಲ. ಬ್ಯಾಟರಿ ಮೋಟಾರಿನ ಪರವಾಗಿ ನಾನು ಮಾತನಾಡಲು ಇದೂ ಒಂದು ಕಾರಣ.

ಈಗ ತಂತಿಯ ವಿಚಾರ. ಹೊಳೆಯ ದಂಡೆಯಿಂದ ಪಂಪ್‌ಸೆಟ್ಟಿಗೆ ತೆಳು ತಂತಿ ಎಳೆದರೆ ಏನಾಗುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ವೋಲ್ಟೇಜು ಬೀಳುತ್ತದೆ, ಮೋಟಾರು ಬಿಸಿಯಾಗುತ್ತದೆ, ಕೊನೆಗೆ ಸುಡುತ್ತದೆ. ದೋಣಿಯ ಮೋಟಾರು ಬೇರೆ ಜಾತಿಯದು, ನೇರ ವಿದ್ಯುತ್ತಿನದು. ವೋಲ್ಟೇಜು ಬಿದ್ದರೆ ಸುಡುವುದಕ್ಕಿಂತ ಸೋಲುತ್ತದೆ. ಸದ್ದು ಮಾಡುತ್ತದೆ, ಎಳೆಯುವುದಿಲ್ಲ. ರೋಗ ಮಾತ್ರ ಅದೇ.

ಮನೆಯಲ್ಲಿ 230 ವೋಲ್ಟ್ ಇದೆ. ಅಲ್ಲಿ 2-3 ವೋಲ್ಟ್ ಕಳೆದರೆ ಗೊತ್ತೇ ಆಗುವುದಿಲ್ಲ. ದೋಣಿಯಲ್ಲಿರುವುದು ಬರೀ 12 ವೋಲ್ಟ್. ಒಂದು ಲೆಕ್ಕ ಹಾಕೋಣ. 55 ಪೌಂಡು ನೂಕು ಬಲದ, ಅಂದರೆ ಸುಮಾರು 25 ಕಿಲೋ ಎಳೆಯುವ ಮೋಟಾರು ಪೂರ್ತಿ ವೇಗದಲ್ಲಿ 50 ಆಂಪಿಯರಿನಷ್ಟು ವಿದ್ಯುತ್ತು ಕುಡಿಯುತ್ತದೆ. ಬ್ಯಾಟರಿ ದೋಣಿಯ ಒಂದು ತುದಿಗೆ, ಮೋಟಾರು ಇನ್ನೊಂದು ತುದಿಗೆ ಇದ್ದು ನಡುವೆ 6 ಮೀಟರ್ ಇದ್ದರೆ, ಹೋಗುವ ತಂತಿ, ಬರುವ ತಂತಿ ಸೇರಿ 12 ಮೀಟರ್ ಆಯಿತು. ಮನೆಯ ವೈರಿಂಗಿನಲ್ಲಿ ಉಳಿದ 4 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಹಾಕಿದ್ದೀರಿ ಎನ್ನೋಣ. ದಾರಿಯಲ್ಲಿಯೇ 2.6 ವೋಲ್ಟ್ ಹೋಯಿತು! ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು. ಸುಮಾರು 130 ವ್ಯಾಟು ಶಕ್ತಿ ತಂತಿಯನ್ನು ಕಾಯಿಸುವುದಕ್ಕೇ ಖರ್ಚಾಯಿತು. ಅದೇ ಜಾಗದಲ್ಲಿ 16 ಚದರ ಮಿಲಿಮೀಟರಿನ ತಂತಿ ಹಾಕಿದರೆ ಕಳೆಯುವುದು ಮುಕ್ಕಾಲು ವೋಲ್ಟಿಗಿಂತ ಕಡಿಮೆ. ಅಲ್ಯೂಮಿನಿಯಂ ತಂತಿ ಬೇಡ, ತಾಮ್ರದ್ದೇ ಇರಲಿ; ತೆಳು ಎಳೆಗಳನ್ನು ಹೊಸೆದ, ಬಾಗುವ ತಂತಿ ಉತ್ತಮ.

ಇದೆಲ್ಲ ಪುಸ್ತಕದ ಮಾತು ಎನ್ನುವವರು ನೀವೇ ಪರೀಕ್ಷೆ ಮಾಡಿ ನೋಡಿ. ಮೆಣಸಿನಕಾಯಿ ಚೀಲ ತೂಗುವ, ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿ ಮನೆಯಲ್ಲಿದ್ದರೆ ಅದು ಸಾಕು. ನಿಂತ ನೀರಿನಲ್ಲಿ ದೋಣಿಯನ್ನು ಹಗ್ಗದಿಂದ ದಂಡೆಯ ಮರಕ್ಕೆ ಕಟ್ಟಿ, ಹಗ್ಗದ ನಡುವೆ ತಕ್ಕಡಿ ಸಿಕ್ಕಿಸಿ. ಮೋಟಾರನ್ನು ಪೂರ್ತಿ ವೇಗಕ್ಕೆ ತಿರುಗಿಸಿ. ತಕ್ಕಡಿ ಎಷ್ಟು ಕಿಲೋ ತೋರಿಸುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. 25 ಕಿಲೋ ಎಳೆಯಬೇಕಾದದ್ದು 17-18 ತೋರಿಸಿದರೆ ಉಳಿದದ್ದು ಎಲ್ಲಿ ಹೋಯಿತೆಂದು ಹುಡುಕಬೇಕು. ಮೋಟಾರು ತಿರುಗುತ್ತಿರುವಾಗಲೇ ವೋಲ್ಟ್ ಮೀಟರನ್ನು ಮೊದಲು ಬ್ಯಾಟರಿಯ ಕಂಬಗಳಿಗೆ, ಆಮೇಲೆ ಮೋಟಾರಿಗೆ ತಂತಿ ಸೇರುವಲ್ಲಿ ಹಿಡಿದು ನೋಡಿ. ಎರಡರ ನಡುವೆ ಒಂದು ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ದೋಷ ತಂತಿಯದು ಅಥವಾ ಜೋಡಣೆಯದು. ಹತ್ತು ನಿಮಿಷ ಓಡಿಸಿ, ಮೋಟಾರು ನಿಲ್ಲಿಸಿ, ಜೋಡಣೆಗಳನ್ನು ಒಂದೊಂದಾಗಿ ಹುಷಾರಾಗಿ ಮುಟ್ಟಿ ನೋಡಿ. ಯಾವುದು ಬಿಸಿಯಾಗಿದೆಯೋ ಅಲ್ಲಿ ನಿಮ್ಮ ಕಿಲೋ ಸೋರುತ್ತಿದೆ. ತಂತಿಯ ತುದಿಯನ್ನು ಬರಿಗೈಯಿಂದ ತಿರುಚಿ ಟೇಪು ಸುತ್ತುವ ಪದ್ಧತಿ ಬಿಡಿ. ಲಗ್ಗು ಒತ್ತಿಸಿ, ಬೋಲ್ಟು ಬಿಗಿದು, ಮೇಲೆ ಗ್ರೀಸು ಸವರಿ.

ಬ್ಯಾಟರಿಯ ಬಗ್ಗೆ ನಾನೇ ಪಾಠ ಕಲಿತವನು. ಟ್ರ್ಯಾಕ್ಟರಿನ ಬ್ಯಾಟರಿಯನ್ನು ಬಿಚ್ಚಿ ದೋಣಿಗಿಟ್ಟು ಹೊರಟಿದ್ದೆ. ಹೋಗುವಾಗ ಚೆನ್ನಾಗಿಯೇ ಹೋಯಿತು. ಮರಳುವಾಗ ಹೊಳೆಯ ನಡುವೆ ಮೋಟಾರು ಉಸಿರು ಬಿಟ್ಟಿತು. ಜೊತೆಗಿದ್ದ ಅಂಬಿಗರ ಹಿರಿಯರು ನಗುತ್ತ ಹುಟ್ಟು ಎತ್ತಿಕೊಂಡದ್ದರಿಂದ ದಂಡೆ ಸೇರಿದೆವು. ಮರುದಿನ ಟ್ರ್ಯಾಕ್ಟರೂ ಚಾಲೂ ಆಗಲಿಲ್ಲ. ಎಂಜಿನ್ ತಿರುಗಿಸುವ ಬ್ಯಾಟರಿ ಒಂದು ಕ್ಷಣ ಬಹಳ ಶಕ್ತಿ ಕೊಡುವುದಕ್ಕೆ ಮಾಡಿದ್ದು, ತಾಸುಗಟ್ಟಲೆ ಕೊಡುವುದಕ್ಕಲ್ಲ. ನಾಲ್ಕಾರು ಬಾರಿ ಪೂರ್ತಿ ಬರಿದಾದರೆ ಅದರ ಕತೆ ಮುಗಿಯಿತು. ಸೀಸದ ಬ್ಯಾಟರಿಯೇ ಬೇಕೆಂದರೆ ಮನೆಯ ಇನ್ವರ್ಟರಿಗೆ ಬಳಸುವ ಟ್ಯೂಬ್ಯುಲರ್ ಬ್ಯಾಟರಿ ಮೇಲು. ಅದರ ಮೇಲೆ 100 ಆಂಪಿಯರ್ ತಾಸು ಎಂದು ಬರೆದಿದ್ದರೆ 50 ಆಂಪಿಯರಿನಂತೆ ಎರಡು ತಾಸು ಬರಬೇಕಲ್ಲವೇ? ಬರುವುದಿಲ್ಲ. ಆ ಲೆಕ್ಕ ಹತ್ತು-ಇಪ್ಪತ್ತು ತಾಸು ನಿಧಾನವಾಗಿ ಬಳಸಿದರೆ ಮಾತ್ರ. ಜೋರಾಗಿ ಎಳೆದರೆ ಒಂದು ತಾಸಿನ ಆಸುಪಾಸು. ಅದರಲ್ಲೂ ಅರ್ಧಕ್ಕೆ ನಿಲ್ಲಿಸಿದರೆ ಬ್ಯಾಟರಿ ವರ್ಷಗಟ್ಟಲೆ ಬಾಳುತ್ತದೆ.

ಲಿಥಿಯಂ ಫಾಸ್ಫೇಟ್ ಬ್ಯಾಟರಿಯ ಬೆಲೆ ಹೆಚ್ಚು. ಆದರೆ 100 ಆಂಪಿಯರ್ ತಾಸಿನದು ಹನ್ನೆರಡು ಕಿಲೋ ಆಸುಪಾಸು ಇರುತ್ತದೆ. ಸೀಸದ್ದು ಅದರ ಎರಡೂವರೆ ಪಟ್ಟಿಗೂ ಹೆಚ್ಚು. ಬಹುಪಾಲು ಶಕ್ತಿಯನ್ನು ಬಳಸಿದರೂ ಅದು ಸಾವಿರಾರು ಬಾರಿ ಚಾರ್ಜು ತಾಳುತ್ತದೆ. ವಾರಕ್ಕೆ ನಾಲ್ಕೈದು ದಿನ ಹೊಳೆಗಿಳಿಯುವವನಿಗೆ ಇದು ದುಬಾರಿಯಲ್ಲ ಎಂಬುದು ನನ್ನ ಅಭಿಪ್ರಾಯ. ತಿಂಗಳಿಗೆ ಎರಡು ಸಲ ಹೋಗುವವನು ಸೀಸದ್ದನ್ನೇ ಇಟ್ಟುಕೊಳ್ಳಲಿ. ಲಿಥಿಯಮ್ಮಿಗೆ ಅದರದೇ ಚಾರ್ಜರು ಬೇಕು, ಹಳೆಯದನ್ನು ಸಿಕ್ಕಿಸಬೇಡಿ. ಸೀಸದ್ದನ್ನು ಗಾಳಿಯಾಡುವ ಜಾಗದಲ್ಲಿ ಚಾರ್ಜು ಮಾಡಿ. ಅದರಿಂದ ಹೊರಡುವ ಅನಿಲಕ್ಕೆ ಬೀಡಿಯ ಕಿಡಿ ಸಾಕು. ಹಳೆಯ ಬ್ಯಾಟರಿಯನ್ನು ಅಂಗಡಿಗೆ ಮರಳಿಸಿ, ಆಮ್ಲವನ್ನು ಹೊಳೆಗೆ ಚೆಲ್ಲಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ದೋಣಿ ದೊಡ್ಡದು, ಭಾರ ಹೆಚ್ಚು ಎಂದಾದರೆ ಆಗ ಹೊಸ ಮೋಟಾರಿನ ಮಾತು. ಆಳು, ಬಲೆ, ಮೀನು ಎಲ್ಲ ಸೇರಿ ಪ್ರತಿ 50 ಕಿಲೋ ತೂಕಕ್ಕೆ ಕನಿಷ್ಠ ಒಂದು ಕಿಲೋ ಎಳೆತ ಬೇಕೆಂಬುದು ರೂಢಿಯ ಲೆಕ್ಕ. ಗಾಳಿ, ಸೆಳೆತ ಇದ್ದಲ್ಲಿ ಅದಕ್ಕಿಂತ ಧಾರಾಳವಾಗಿರಲಿ. ಹೊಸದನ್ನು ತರುವುದಾದರೆ 24 ವೋಲ್ಟಿನದನ್ನೇ ತನ್ನಿ. ಅದೇ 600 ವ್ಯಾಟು ಕೆಲಸಕ್ಕೆ 12 ವೋಲ್ಟಿನಲ್ಲಿ 50 ಆಂಪಿಯರ್ ಬೇಕಾದರೆ 24 ವೋಲ್ಟಿನಲ್ಲಿ 25 ಸಾಕು. ಅದೇ ತಂತಿಯಲ್ಲಿ ಕಳೆಯುವ ಶಕ್ತಿ ಕಾಲು ಪಾಲಿಗೆ ಇಳಿಯುತ್ತದೆ. ಎರಡು 12 ವೋಲ್ಟಿನ ಬ್ಯಾಟರಿಗಳನ್ನು ಒಂದರ ಬೆನ್ನಿಗೆ ಒಂದು ಜೋಡಿಸಬೇಕು. ಎರಡೂ ಒಂದೇ ಅಳತೆ, ಒಂದೇ ವಯಸ್ಸಿನವಿರಲಿ. ಎಳೆಯ ಹೋರಿಗೂ ಮುದಿ ಎತ್ತಿಗೂ ಒಂದೇ ನೊಗ ಹೂಡಿದರೆ ಏನಾಗುತ್ತದೆಂದು ನಿಮಗೆ ಗೊತ್ತು. ಹಳೆಯ 12 ವೋಲ್ಟಿನ ಮೋಟಾರಿಗೆ ಮಾತ್ರ 24 ವೋಲ್ಟ್ ಕೊಡಬೇಡಿ, ಸುಡುತ್ತದೆ. ವೇಗ ಬದಲಿಸುವ ಗುಂಡಿಯಲ್ಲೂ ಎರಡು ಬಗೆ. ಐದು ಮೆಟ್ಟಿಲಿನ ಹಳೆಯ ಮಾದರಿಯಲ್ಲಿ ಕಡಿಮೆ ವೇಗದಲ್ಲಿಯೂ ಒಂದಷ್ಟು ಶಕ್ತಿ ಸುರುಳಿಯಲ್ಲಿ ಬಿಸಿಯಾಗಿ ಹೋಗುತ್ತದೆ. ಮೆಟ್ಟಿಲಿಲ್ಲದೆ ನುಣ್ಣಗೆ ಏರಿಳಿಯುವ ಎಲೆಕ್ಟ್ರಾನಿಕ್ ಮಾದರಿ ಅದನ್ನು ಉಳಿಸುತ್ತದೆ. ಬ್ಯಾಟರಿಯ ಪಕ್ಕದಲ್ಲಿಯೇ ತಕ್ಕ ಫ್ಯೂಸು, ಇಲ್ಲವೇ ನೇರ ವಿದ್ಯುತ್ತಿಗೆಂದೇ ಮಾಡಿದ ಬ್ರೇಕರು ಕಡ್ಡಾಯ. ಮನೆಯ ಎಂಸಿಬಿ ಇಲ್ಲಿಗೆ ಬೇಡ.

ಬಲೆಯವರು ಮರೆಯುವ ಒಂದು ಸಂಗತಿ ಇದೆ. ನೈಲಾನ್ ಎಳೆ ರೆಕ್ಕೆಯ ಹಿಂದಿನ ದಂಡಕ್ಕೆ ಸುತ್ತಿಕೊಂಡು ರಬ್ಬರ್ ಸೀಲನ್ನು ಕೊಯ್ಯುತ್ತದೆ. ಅಲ್ಲಿಂದ ನೀರು ಒಳಸೇರಿ ಮೋಟಾರು ಸಾಯುತ್ತದೆ. ವಾರಕ್ಕೊಮ್ಮೆ ರೆಕ್ಕೆ ಬಿಚ್ಚಿ ಎಳೆಗಳನ್ನು ತೆಗೆಯಿರಿ, ಐದು ನಿಮಿಷದ ಕೆಲಸ.

ದುಂಡನೆಯ ಹರಿಗೋಲಿಗೂ ಮೋಟಾರು ಹಾಕಬಹುದೇ ಎಂದು ಕೇಳುವವರಿದ್ದಾರೆ. ನನಗೆ ಇಷ್ಟವಿಲ್ಲ. ಹರಿಗೋಲಿಗೆ ಮೂತಿಯೂ ಇಲ್ಲ, ಬೆನ್ನೆಲುಬೂ ಇಲ್ಲ. ಒಂದು ಪಕ್ಕದಿಂದ ನೂಕಿದರೆ ಬುಗುರಿಯಂತೆ ತಿರುಗುವುದೇ ಅದರ ಗುಣ. ಅದನ್ನು ಪಳಗಿಸಲು ಹುಟ್ಟೇ ಸರಿ. ಮೋಟಾರು ಉದ್ದನೆಯ ದೋಣಿಗೆ, ಅದರಲ್ಲೂ ನಿಂತ ನೀರಿಗೆ ಹೇಳಿಸಿದ್ದು. ಕೇರಳದ ವೈಕಂ ಹಿನ್ನೀರಿನಲ್ಲಿ 2017ರ ಜನವರಿಯಿಂದ 75 ಜನರನ್ನು ಸಾಗಿಸುವ ‘ಆದಿತ್ಯ’ ಎಂಬ ಸೌರ ದೋಣಿ ಓಡುತ್ತಿದೆಯೆಂದು ನಮ್ಮ ಹೊಳೆಯೂ ಹಾಗೆಯೇ ಎಂದು ತಿಳಿಯಬೇಡಿ. ಅಲ್ಲಿ ಹಿನ್ನೀರು, ಇಲ್ಲಿ ಬಂಡೆ ಮತ್ತು ಸೆಳೆತ.

ಆಷಾಢ-ಶ್ರಾವಣದ ಕೆಂಪು ನೀರಿನಲ್ಲಿ ಯಾವ ಬ್ಯಾಟರಿ ಮೋಟಾರನ್ನೂ ನಂಬಬೇಡಿ. ಒಂದು ತೆಂಗಿನ ಚಿಪ್ಪನ್ನು ನೀರಿಗೆ ಎಸೆದು ದಂಡೆಯ ಮೇಲೆ ಅದರ ಜೊತೆಗೆ ನಡೆಯಿರಿ. ಅದನ್ನು ಹಿಡಿಯಲು ಬಿರುಸಾಗಿ ನಡೆಯಬೇಕಾದರೆ ನಿಮ್ಮ ಮೋಟಾರು ಆ ನೀರಿಗೆ ಎದುರಾಗಿ ನಿಂತಲ್ಲೇ ನಿಲ್ಲುತ್ತದೆ. ಓಡಬೇಕಾದರೆ ನಿಮ್ಮನ್ನು ಹಿಂದಕ್ಕೆ ಒಯ್ಯುತ್ತದೆ. ಅಂದು ಬಲೆ ಮನೆಯಲ್ಲಿರಲಿ. ನೀರು ಇಳಿದ ದಿನಗಳಲ್ಲಿಯೂ ಮೊದಲು ಸೆಳೆತಕ್ಕೆ ಎದುರಾಗಿ ಮೇಲಕ್ಕೆ ಹೋಗಿ ಬಲೆ ಬಿಡಿ. ಆಗ ಬ್ಯಾಟರಿ ಮುಗಿದರೂ ಹೊಳೆಯೇ ನಿಮ್ಮನ್ನು ಮನೆಯ ಕಡೆ ತರುತ್ತದೆ. ದೋಣಿಯಲ್ಲಿ ಎರಡು ಹುಟ್ಟು, ಒಂದು ಹಗ್ಗ, ಪ್ರತಿಯೊಬ್ಬರಿಗೆ ತೇಲುವ ಅಂಗಿ, ಅದಿಲ್ಲದಿದ್ದರೆ ಗಾಳಿ ತುಂಬಿದ ಲಾರಿ ಟ್ಯೂಬು ಇರಲೇಬೇಕು. ಮೋಟಾರು ಬಂದಿತೆಂದು ಹುಟ್ಟನ್ನು ಅಟ್ಟಕ್ಕೆ ಹಾಕಿದವರನ್ನು ಕಂಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ದುಡ್ಡು ತೆಗೆದುಕೊಂಡು ಜನರನ್ನು ಆಚೆ ದಂಡೆಗೆ ಸಾಗಿಸುವ ಯೋಚನೆಯೂ ಬೇಡ; ಅದಕ್ಕೆ ನೋಂದಣಿ, ಪರವಾನಗಿಗಳ ಕಾನೂನು ಬೇರೆಯೇ ಇದೆ.

ಈ ವಾರ ತಕ್ಕಡಿಯ ಪರೀಕ್ಷೆ ಮಾಡಿ. ತಂತಿ ಬದಲಿಸಿ ಇನ್ನೊಮ್ಮೆ ಮಾಡಿ. ಎರಡೂ ಅಂಕಿಗಳನ್ನು ಒಂದು ಕಾರ್ಡಿನಲ್ಲಿ ಬರೆದು ನಮಗೆ ಕಳಿಸಿ. ಆಮೇಲೂ ದೊಡ್ಡ ಮೋಟಾರೇ ಬೇಕೆನಿಸಿದರೆ ಯಾವುದನ್ನು ತರಬೇಕೆಂದು ಕುಳಿತು ಮಾತನಾಡೋಣ.